ರಿಮೋಟ್ ನಮ್ಮ ಕೈಲಿ, ಚಾನೆಲ್ ಯಾರ ಕೈಲಿ?

ಹಾಸ್ಟೆಲ್‌ನಲ್ಲಿರೋ ನಾವು ಟಿವಿ ಮುಂದೆ ಕೂರೋದು ಕಡಿಮೆ, ನಿಜ. ಆದ್ರೆ ರಜೆಗೆ ಊರಿಗೆ ಹೋದ್ರೆ ಸಂಜೆ ಹೊತ್ತು ರಿಮೋಟ್ ಅಮ್ಮನ ಕೈಲೋ ಅಜ್ಜಿ ಕೈಲೋ ಇರುತ್ತೆ. ಕಲರ್ಸ್ ಕನ್ನಡದಲ್ಲಿ ಬ್ರೇಕ್ ಬಂದ್ರೆ ಸ್ಟಾರ್ ಸುವರ್ಣಕ್ಕೆ ಹೋಗ್ತಾರೆ. 2024ರ ನವೆಂಬರ್ 14ರಿಂದ ಈ ಎರಡೂ ಚಾನೆಲ್‌ಗಳು ಒಂದೇ ಮನೆಯ ಎರಡು ಕೋಣೆಗಳು. ಅಂದು ರಿಲಯನ್ಸ್ ಗುಂಪಿನ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ವ್ಯವಹಾರಗಳು ಸೇರಿ ಜಿಯೋಸ್ಟಾರ್ ಆಯಿತು. ಲೋಗೋ ಬದಲಾಗಲಿಲ್ಲ, ಸೀರಿಯಲ್ ನಿಲ್ಲಲಿಲ್ಲ. ಹಾಗಿದ್ರೆ ಬದಲಾಗಿದ್ದೇನು?

ಎರಡು ಚಾನೆಲ್, ಹಲವು ಮಾಲೀಕರು

ಕಲರ್ಸ್ ಕನ್ನಡ ಹುಟ್ಟಿದ್ದು 2000ದಲ್ಲಿ, ರಾಮೋಜಿ ರಾವ್ ಅವರ ಈಟಿವಿ ಕನ್ನಡವಾಗಿ. ಆಮೇಲೆ ಅದು ನೆಟ್‌ವರ್ಕ್18 ಗುಂಪಿನ ಪಾಲಾಯಿತು. ಆ ಗುಂಪೇ ರಿಲಯನ್ಸ್ ಹಿಡಿತಕ್ಕೆ ಬಂತು. 2015ರಲ್ಲಿ ಚಾನೆಲ್ ಹೆಸರು ಬದಲಾಯಿತು. ಇನ್ನು ಸುವರ್ಣ ಶುರುವಾಗಿದ್ದು 2007ರಲ್ಲಿ, ಏಷ್ಯಾನೆಟ್ ಬಳಗದಿಂದ. ಅದು ರೂಪರ್ಟ್ ಮರ್ಡೋಕ್ ಅವರ ಸ್ಟಾರ್‌ಗೆ ಹೋಯಿತು. 2019ರಲ್ಲಿ ಡಿಸ್ನಿ ಅಮೆರಿಕದಲ್ಲಿ ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸ್ ಕಂಪನಿಯನ್ನ ಕೊಂಡಾಗ, ಅದರ ಜೊತೆ ನಮ್ಮ ಸುವರ್ಣವೂ ಡಿಸ್ನಿ ಪಾಲಾಯಿತು. ಎಲ್ಲೋ ನಡೆದ ವ್ಯಾಪಾರದಲ್ಲಿ ಕನ್ನಡದ ಒಂದು ಚಾನೆಲ್ ಕೈ ಬದಲಾಯಿಸಿತು, ಅಷ್ಟೇ.

ಜಿಯೋಸ್ಟಾರ್ ಘೋಷಣೆಯಾದಾಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 70,352 ಕೋಟಿ ರೂಪಾಯಿ. ಅದರಲ್ಲಿ ಡಿಸ್ನಿ ಪಾಲು 36.84%. ಉಳಿದದ್ದು ರಿಲಯನ್ಸ್ ಮತ್ತು ಅದರ ಹಿಡಿತದ ವಯಾಕಾಮ್18 ಹೆಸರಲ್ಲಿ.

ತಡೆದು ಕೇಳೋರು ಯಾರು?

ಸೋಪಿನ ಕಂಪನಿ ಮಾರಿದ ಹಾಗೆ ಟಿವಿ ಚಾನೆಲ್ ಮಾರೋಕಾಗಲ್ಲ. 1995ರ ಫೆಬ್ರವರಿಯಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ್ದೂ ಅಲ್ಲ, ಖಾಸಗಿಯವರದ್ದೂ ಅಲ್ಲ. ಜನರ ಪರವಾಗಿ ಅದನ್ನ ನಿಯಂತ್ರಿಸಬೇಕು.

ಹಾಗಾಗಿ ಇಂಥ ವಿಲೀನ ಹಲವು ಬಾಗಿಲು ದಾಟಬೇಕು. ಚಾನೆಲ್ ಅನುಮತಿಯನ್ನ ಇನ್ನೊಂದು ಕಂಪನಿಗೆ ವರ್ಗಾಯಿಸೋಕೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಪ್ಪಬೇಕು. ಕಂಪನಿ ವಿಲೀನದ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿ, ಅಂದ್ರೆ ಎನ್‌ಸಿಎಲ್‌ಟಿ, ಮುದ್ರೆ ಒತ್ತಬೇಕು. ಇದರಿಂದ ಪೈಪೋಟಿ ಸಾಯುತ್ತಾ ಅಂತ ನೋಡೋದು ಭಾರತೀಯ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ. ಟ್ರಾಯ್ ಕೆಲಸ ಬೇರೆ: ಚಾನೆಲ್ ಪ್ಯಾಕ್‌ಗಳ ದರದ ನಿಯಮ ಮಾಡೋದು, ಸರ್ಕಾರಕ್ಕೆ ಶಿಫಾರಸು ಕೊಡೋದು.

ಪೈಪೋಟಿಯನ್ನ ಅಳೆಯೋದು ಹೇಗೆ?

ಇಲ್ಲಿ ನಮಗೆ ಇಷ್ಟವಾಗೋ ಲೆಕ್ಕ ಇದೆ. ಹೆಸರು ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ. ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನ ವರ್ಗ ಮಾಡಿ ಕೂಡಿಸಿ. ಒಬ್ಬನದೇ ಏಕಸ್ವಾಮ್ಯ ಇದ್ರೆ ಉತ್ತರ 10,000.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ನಾಲ್ಕು ಕಂಪನಿ, ಪಾಲು 35, 25, 20, 20. ಮೊತ್ತ 1225 + 625 + 400 + 400 = 2650. ಈಗ 25 ಮತ್ತು 20 ಒಂದಾದ್ರೆ 45 ಆಗುತ್ತೆ. ಹೊಸ ಮೊತ್ತ 3650, ಏರಿಕೆ 1000. ಬೀಜಗಣಿತ ನೆನಪಿದ್ರೆ ಇಷ್ಟೆಲ್ಲ ಕೂಡಿಸೋದೂ ಬೇಡ, ಏರಿಕೆ ಯಾವಾಗಲೂ 2 × 25 × 20. ಅಮೆರಿಕದ 2023ರ ವಿಲೀನ ಮಾರ್ಗಸೂಚಿ ಪ್ರಕಾರ ಮೊತ್ತ 1800 ದಾಟಿ, ಏರಿಕೆ 100 ದಾಟಿದ್ರೆ ಅನುಮಾನ ಪಡಬೇಕು.

ಆದ್ರೆ ಸೂತ್ರಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಪಾಲು ಯಾವುದರಲ್ಲಿ? ಅದೇ ಎರಡು ಕಂಪನಿಗಳ ಪಾಲನ್ನ ದೇಶದ ಎಲ್ಲ ಭಾಷೆ ಸೇರಿಸಿ ಅಳೆದು 6 ಮತ್ತು 4 ಬಂತು ಅಂದುಕೊಳ್ಳಿ. ಏರಿಕೆ ಬರೀ 48. ಕಂಪನಿಗಳು ಅವೇ, ವಿಲೀನವೂ ಅದೇ. ಛೇದ ಬದಲಾಯಿಸಿದ ಕೂಡಲೇ ಸಮಸ್ಯೆನೇ ಮಾಯ!

ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಮರಾಠಿ ಚಾನೆಲ್ ಪರ್ಯಾಯ ಅಲ್ಲ. ಅವರ ಮಾರುಕಟ್ಟೆ ಭಾರತ ಅಲ್ಲ, ಕನ್ನಡ. 2014ರಲ್ಲಿ ಟ್ರಾಯ್ ಮಾಧ್ಯಮ ಒಡೆತನದ ಬಗ್ಗೆ ಕೊಟ್ಟ ಶಿಫಾರಸಿನಲ್ಲಿ ಇದೇ ಸೂಚ್ಯಂಕವನ್ನ ಭಾಷೆ ಮತ್ತು ಆ ಭಾಷೆಯ ರಾಜ್ಯದ ಲೆಕ್ಕದಲ್ಲಿ ಹಾಕಬೇಕು ಅಂದಿತ್ತು. ಅದು ಸುದ್ದಿ ಮಾಧ್ಯಮದ ಕುರಿತಾಗಿತ್ತು, ಕಾನೂನಾಗಲಿಲ್ಲ.

ಸಿಕ್ಕಿದ್ದು, ಉಳಿದದ್ದು

ಸಿಸಿಐ 2024ರ ಆಗಸ್ಟ್ 28ರಂದು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಕೆಲವು ಚಾನೆಲ್‌ಗಳನ್ನ ಬಿಟ್ಟುಕೊಡ್ತೀವಿ, ಐಪಿಎಲ್‌ನಂಥ ಪಂದ್ಯಗಳ ಟಿವಿ ಮತ್ತು ಒಟಿಟಿ ಜಾಹೀರಾತನ್ನ ಒಂದಕ್ಕೊಂದು ಕಟ್ಟಿ ಮಾರಲ್ಲ ಅಂತ ಕಂಪನಿಗಳು ಮಾತು ಕೊಟ್ಟವು. ಕ್ರಿಕೆಟ್ ಮೇಲೆ ಗಮನ ಸಹಜವೇ. 2023ರಿಂದ 2027ರ ಐಪಿಎಲ್ ಹಕ್ಕಿನಲ್ಲಿ ಟಿವಿ ಭಾಗವನ್ನ ಸ್ಟಾರ್ 23,575 ಕೋಟಿಗೆ ಪಡೆದಿತ್ತು, ಡಿಜಿಟಲ್ ವಯಾಕಾಮ್18 ಹತ್ತಿರ ಇತ್ತು. ಹರಾಜಿನಲ್ಲಿ ಎದುರಾಳಿಗಳಾಗಿದ್ದವರು ಈಗ ಒಂದೇ ಮೇಜಿನಲ್ಲಿದ್ದಾರೆ.

ದೊಡ್ಡದಾಗದಿದ್ರೆ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಎದುರು ಉಳಿಯೋದು ಕಷ್ಟ ಅನ್ನೋದು ಕಂಪನಿಗಳ ವಾದ. ಅದರಲ್ಲಿ ಹುರುಳಿಲ್ಲ ಅಂತ ನಾವು ಹೇಳಲ್ಲ. ಆದ್ರೆ ಕನ್ನಡದಲ್ಲಿ ಒಂದು ಕಥೆ ಬರೆದು ಸೀರಿಯಲ್ ಮಾಡಬೇಕು ಅನ್ನೋ ನಮ್ಮ ಗೆಳೆಯನ ಕಡೆಯಿಂದ ನೋಡಿ. ಮೊದಲು ಉದಯ, ಜೀ ಕನ್ನಡ, ಕಲರ್ಸ್, ಸುವರ್ಣ ಅಂತ ದೊಡ್ಡ ಬಾಗಿಲು ನಾಲ್ಕಿದ್ದವು, ಒಡೆಯರೂ ನಾಲ್ವರು. ಈಗ ಬಾಗಿಲು ನಾಲ್ಕೇ, ಒಡೆಯರು ಮೂವರು. ಒಂದು ಕಡೆ ಬೇಡ ಅಂದ್ರೆ ಇನ್ನೊಂದು ಕಡೆ ಕೇಳೋ ಧೈರ್ಯ, ಸಂಭಾವನೆ ಚೌಕಾಸಿ ಮಾಡೋ ಶಕ್ತಿ ಅಷ್ಟು ಕಡಿಮೆ. ಹುಬ್ಬಳ್ಳಿಯ ಮಸಾಲೆ ಕಂಪನಿ ಜಾಹೀರಾತು ಕೊಡೋಕೆ ಹೋದಾಗಲೂ ಇದೇ ಲೆಕ್ಕ.

ಮುಂದೆ ಇನ್ನೊಂದು ವಿಲೀನದ ಸುದ್ದಿ ಬಂದೇ ಬರುತ್ತೆ. ಆಗ ಎಷ್ಟು ಸಾವಿರ ಕೋಟಿ ಅನ್ನೋ ಹೆಡ್‌ಲೈನ್ ಆಮೇಲೆ ಓದೋಣ. ಮೊದಲು ಕನ್ನಡದ ಪಾಲನ್ನ ಬೇರೆಯಾಗಿ ಅಳೆದಿದ್ದಾರಾ ಅಂತ ಕೇಳೋಣ.