ಮದುವೆ ದಿನಕ್ಕೆ ವಿದೇಶ: ಮೊದಲು ರಾತ್ರಿಗಳ ಲೆಕ್ಕ ಬರೆಯಿರಿ

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಇವತ್ತು ಅಲ್ಲಿಂದ ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್, ಲಂಡನ್, ಟೋಕಿಯೊಗಳಿಗೆ ನೇರ ವಿಮಾನಗಳಿವೆ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ವಿಜಯಪುರದವರು ನಿಲ್ದಾಣ ತಲುಪುವಷ್ಟರಲ್ಲಿ ಜಯನಗರದವರು ಇನ್ನೂ ಟ್ರಾಫಿಕ್‌ನಲ್ಲಿರುತ್ತಾರೆ. ಹೀಗಿದ್ದೂ ಇಪ್ಪತ್ತೈದನೇ ವರ್ಷದ ಮದುವೆ ದಿನಕ್ಕೆಂದು ಫಾರಿನ್‌ಗೆ ಹೊರಟ ಎಷ್ಟೋ ದಂಪತಿ ವಾಪಸ್ ಬರುವುದು ಸುಸ್ತಾಗಿ. ಎಂಟು ದಿನದಲ್ಲಿ ಐದು ದೇಶ ಅಂದರೆ ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟುವುದೇ ಪ್ರವಾಸ.

ಇದಕ್ಕೆ ಮದ್ದು ಒಂದು ಹಾಳೆ. ಯಾವ ರಾತ್ರಿ ಯಾವ ಊರಲ್ಲಿ ಮಲಗುತ್ತೀರಿ ಎಂದು ಅದರಲ್ಲಿ ಸಾಲಾಗಿ ಬರೆಯಿರಿ. ವೀಸಾಗೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು, ರೈಲಿನ ಪಾಸ್ ಬೇಕೋ ಬೇಡವೋ, ವಿಮೆ ಎಷ್ಟು ದಿನಕ್ಕೆ, ಕೈಯಲ್ಲಿ ಎಷ್ಟು ದುಡ್ಡಿರಬೇಕು ಎಂಬುದೆಲ್ಲ ಆ ಹಾಳೆಯಿಂದಲೇ ತೀರ್ಮಾನವಾಗುತ್ತದೆ.

ತಿಂಗಳೇ ದೇಶ ಆರಿಸುತ್ತದೆ

ನಮ್ಮ ಕಡೆ ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲೂ ಇಲ್ಲ. ಹಾಗಾಗಿ ಹೆಚ್ಚಿನವರ ಮದುವೆ ದಿನ ಬೀಳುವುದು ಫೆಬ್ರವರಿ–ಮಾರ್ಚ್, ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ನವೆಂಬರ್ ಆಸುಪಾಸಿನಲ್ಲಿ. ಎಲ್ಲಿಗೆ ಹೋಗಬೇಕು ಎಂಬುದನ್ನು ಅರ್ಧಕ್ಕರ್ಧ ಇದೇ ನಿರ್ಧರಿಸುತ್ತದೆ.

ಫೆಬ್ರವರಿಯಲ್ಲಿ ಯುರೋಪಿನಲ್ಲಿ ಕೊರೆಯುವ ಚಳಿ, ಸಂಜೆ ಬೇಗ ಕತ್ತಲು. ಆಗ ದಕ್ಷಿಣ ವಿಯೆಟ್ನಾಂ ಒಳ್ಳೆಯದು. ಹೋ ಚಿ ಮಿನ್ ನಗರ ನೋಡಿ ಮೆಕಾಂಗ್ ನದಿಯ ಕಾಲುವೆ, ತೆಂಗಿನ ತೋಟಗಳ ಹಳ್ಳಿಗಳಿಗೆ ಹೋಗಬಹುದು. ಇ–ವೀಸಾ ಮನೆಯಿಂದಲೇ ಆಗುತ್ತದೆ. 2023ರ ಆಗಸ್ಟ್ 15ರಿಂದ ಅದು 90 ದಿನದವರೆಗೂ ಸಿಗುತ್ತಿದೆ. ಅವರ ಹೊಸ ವರ್ಷದ ‘ಟೆಟ್’ ಹಬ್ಬದ ವಾರ ಮಾತ್ರ ಬೇಡ, ಅಂಗಡಿಗಳು ಮುಚ್ಚಿರುತ್ತವೆ. ಥಾಯ್ಲೆಂಡಿನ ಉತ್ತರದ ಹಳ್ಳಿಗಳ ಆಸೆಯಿದ್ದರೆ ಮಾರ್ಚ್ ತಪ್ಪಿಸಿ. ಆಗ ಚಿಯಾಂಗ್ ಮಾಯ್ ಸುತ್ತ ಹೊಲಕ್ಕೆ, ಕಾಡಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ.

ನವೆಂಬರ್ ಕೊನೆಗೆ ಜಪಾನಿನ ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗುವ ಕಾಲ. ಟೋಕಿಯೊ, ಕ್ಯೋಟೊ ಜೊತೆಗೆ ತಕಾಯಾಮಾ ಊರು, ಹುಲ್ಲಿನ ಮಾಡಿನ ಶಿರಕಾವಾ–ಗೋ ಹಳ್ಳಿ ಸೇರಿಸಿದರೆ ಪಟ್ಟಣವೂ ಆಯಿತು, ಹಳ್ಳಿಯೂ ಆಯಿತು. ಏಜೆಂಟರು ಅಲ್ಲಿನ ರೈಲಿನ ಜೆ.ಆರ್. ಪಾಸ್ ಕೊಳ್ಳಿ ಅಂದರೆ ಲೆಕ್ಕ ಹಾಕಿ ನೋಡಿ. ಏಳು ದಿನದ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ–ಕ್ಯೋಟೊ ಹೋಗಿಬರುವುದಕ್ಕಷ್ಟೇ ಆದರೆ ಬಿಡಿ ಟಿಕೆಟ್ಟೇ ಅಗ್ಗ.

ಮೇ ತಿಂಗಳು ಯುರೋಪಿನದು. ಜುಲೈ–ಆಗಸ್ಟಿನ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ರಾಗಿ ಬಿತ್ತನೆಗೂ ಸಮಯವಿರುವುದರಿಂದ ಹೊಲದ ಕೆಲಸಕ್ಕೂ ತೊಂದರೆಯಿಲ್ಲ. ಹಸು ಕಟ್ಟಿದವರು, ಮಗ್ಗ ಇಟ್ಟವರು ಮಾತ್ರ ಟಿಕೆಟ್ಟಿಗೆ ಮೊದಲೇ ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು.

ಒಂದು ಹಾಳೆಯ ಉದಾಹರಣೆ

ಮೇ 20 ಮದುವೆ ದಿನ ಎಂದಿಟ್ಟುಕೊಳ್ಳಿ. ಪ್ಯಾರಿಸ್ ನಗರ, ಸ್ವಿಟ್ಜರ್ಲೆಂಡಿನ ಒಂದು ಹಳ್ಳಿ, ಅಲ್ಲಿನದೇ ಲುಸರ್ನ್ ಪಟ್ಟಣ, ಇಷ್ಟೇ ಸಾಕು. ಹಾಳೆ ಹೀಗಿರಲಿ:

ಮೇ 15, 16: ಪ್ಯಾರಿಸ್
ಮೇ 17, 18, 19, 20: ಲೌಟರ್‌ಬ್ರುನ್ನೆನ್
ಮೇ 21, 22: ಲುಸರ್ನ್
ಮೇ 23: ಪ್ಯಾರಿಸ್, ಮರುದಿನ ವಿಮಾನ

ಒಂಬತ್ತು ರಾತ್ರಿ, ಮಲಗುವ ಊರು ಮೂರೇ. ಪ್ಯಾರಿಸ್‌ನ ಗಾರ್ ದ ಲಿಯೊನ್ ನಿಲ್ದಾಣದಿಂದ ಬಾಸೆಲ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆ, ಮತ್ತೆ 20 ನಿಮಿಷಕ್ಕೆ ಲೌಟರ್‌ಬ್ರುನ್ನೆನ್. ಎರಡು ಬಂಡೆಗೋಡೆಗಳ ನಡುವಿನ ಕಣಿವೆಯಲ್ಲಿರುವ ಆ ಹಳ್ಳಿಯಲ್ಲಿ ಸ್ಟೌಬ್‌ಬಾಖ್ ಜಲಪಾತ 297 ಮೀಟರ್ ಎತ್ತರದಿಂದ ಬೀಳುತ್ತದೆ. ಹತ್ತಿರದ ಟ್ರುಮೆಲ್‌ಬಾಖ್ ಬೆಟ್ಟದ ಹೊಟ್ಟೆಯೊಳಗೇ ಧುಮುಕುವ ಜಲಪಾತ. ಮಂಜು ಕರಗುವ ಕಾಲಕ್ಕೆ ಸೆಕೆಂಡಿಗೆ 20,000 ಲೀಟರ್‌ವರೆಗೆ ನೀರು. ಮೇಲೆ ವೆಂಗೆನ್, ಮ್ಯುರೆನ್ ಎಂಬ ಹಳ್ಳಿಗಳಿವೆ, ಅಲ್ಲಿಗೆ ಕಾರು ಹೋಗುವುದಿಲ್ಲ. ಮಂಡಿ ನೋವಿರುವವರೂ ರೈಲು, ಕೇಬಲ್ ಕಾರಿನಲ್ಲೇ ತಲುಪಬಹುದು.

ಹಳ್ಳಿಗೆ ನಾಲ್ಕು ರಾತ್ರಿ ಕೊಟ್ಟಿದ್ದಕ್ಕೆ ಕಾರಣ ಹವಾಮಾನ. 3,454 ಮೀಟರ್ ಎತ್ತರದಲ್ಲಿರುವ ಯುಂಗ್‌ಫ್ರೌಯೋಖ್ ಬೆಟ್ಟದ ನಿಲ್ದಾಣಕ್ಕೆ ಮೋಡ ಕವಿದ ದಿನ ಹೋದರೆ ದುಬಾರಿ ಟಿಕೆಟ್ ಕೊಟ್ಟು ಬಿಳಿ ಗೋಡೆ ನೋಡಿ ಬಂದಂತೆ. ನಾಲ್ಕು ದಿನ ಕೈಯಲ್ಲಿದ್ದರೆ, ಬೆಳಿಗ್ಗೆ ಎದ್ದು ಮೇಲಿನ ಕ್ಯಾಮೆರಾದ ನೇರ ಚಿತ್ರ ಮೊಬೈಲಿನಲ್ಲಿ ನೋಡಿ, ತಿಳಿಯಾಗಿದ್ದ ದಿನ ಹೊರಡಬಹುದು. ಮೇ ತಿಂಗಳಲ್ಲಿ ಕೆಲವು ಕೇಬಲ್ ಕಾರುಗಳು ವಾರ್ಷಿಕ ದುರಸ್ತಿಗೆ ನಿಲ್ಲುತ್ತವೆ. ಯಾವುದು ಯಾವತ್ತು ನಿಲ್ಲುತ್ತದೆ ಎಂದು ರೂಮು ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಮದುವೆ ದಿನ ರೈಲೂ ಇಲ್ಲ, ಊರು ಬದಲಾಯಿಸುವುದೂ ಇಲ್ಲ. ಆ ದಿನ ಯಾತ್ರೆಯ ನಡುವೆ, ಹಳ್ಳಿಯಲ್ಲಿ ಬೀಳುವಂತೆ ಹಾಳೆ ಹೊಂದಿಸಿ. ಮೊದಲೆರಡು ದಿನ ನಿದ್ದೆಯ ಹೊತ್ತು ಏರುಪೇರಾಗಿರುತ್ತದೆ, ಕೊನೆಯೆರಡು ದಿನ ಮನಸ್ಸು ಮನೆ ಕಡೆಗಿರುತ್ತದೆ.

ರೈಲ್ವೆ ಪಾಸಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ದಿನಾ ಊರೂರು ಸುತ್ತುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಲಾಭ. ಒಂದೇ ಕಣಿವೆಯಲ್ಲಿ ನಿಂತು ಬೆಟ್ಟದ ರೈಲು ಹತ್ತುವವರಿಗೆ, ಒಂದು ತಿಂಗಳು ಅರ್ಧ ದರ ಕೊಡುವ ಹಾಫ್ ಫೇರ್ ಕಾರ್ಡೇ ಹೆಚ್ಚಾಗಿ ಗಿಟ್ಟುತ್ತದೆ.

ವೀಸಾ: ರಾತ್ರಿ ಎಲ್ಲಿ ಹೆಚ್ಚೋ ಅರ್ಜಿ ಅಲ್ಲಿಗೆ

ಯುರೋಪಿನ 29 ದೇಶಗಳಿಗೆ ಷೆಂಗೆನ್ ವೀಸಾ ಒಂದೇ. ಆದರೆ ಅರ್ಜಿಯನ್ನು ಮನಸ್ಸಿಗೆ ಬಂದ ದೇಶಕ್ಕೆ ಹಾಕುವಂತಿಲ್ಲ. ಹೆಚ್ಚು ದಿನ ಉಳಿಯುವ ದೇಶಕ್ಕೇ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಹಾಳೆಯಲ್ಲಿ ಫ್ರಾನ್ಸಿಗೆ ಮೂರು ರಾತ್ರಿ, ಸ್ವಿಟ್ಜರ್ಲೆಂಡಿಗೆ ಆರು. ವಿಮಾನ ಇಳಿಯುವುದು ಪ್ಯಾರಿಸ್‌ನಲ್ಲಾದರೂ ಅರ್ಜಿ ಸ್ವಿಟ್ಜರ್ಲೆಂಡಿನದು. ಸ್ಲಾಟ್ ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿದರೆ ಹೋಟೆಲ್ ಬುಕಿಂಗ್ ನೋಡಿದ ಕೂಡಲೇ ಗೊತ್ತಾಗುತ್ತದೆ.

ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗುತ್ತದೆ, ಕೆಲವೊಮ್ಮೆ 45 ದಿನಕ್ಕೂ ಹೋಗುತ್ತದೆ. ಬೇಸಿಗೆ ರಜೆಗೆ ಹೊರಡುವವರೆಲ್ಲ ಒಟ್ಟಿಗೆ ಮುಗಿಬೀಳುವುದರಿಂದ ಮೇ ಪ್ರಯಾಣಕ್ಕೆ ಫೆಬ್ರವರಿಯಲ್ಲೇ ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿ.ಎಫ್.ಎಸ್. ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಶುಲ್ಕ 2024ರ ಜೂನ್ 11ರಿಂದ ತಲಾ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬಿ.ಪಿ., ಶುಗರ್ ಇರುವವರು ಮೊದಲೇ ಇದ್ದ ಕಾಯಿಲೆಗೂ ವಿಮೆ ಅನ್ವಯಿಸುತ್ತದೆಯೇ ಎಂದು ಪಾಲಿಸಿ ಓದಿ ನೋಡಲಿ.

ಮನೆಯವರಿಗೆ ಸರ್ಪ್ರೈಸ್ ಕೊಡುತ್ತೇನೆ ಎಂದುಕೊಂಡವರು ಈ ಹಂತದಲ್ಲಿ ಸಿಕ್ಕಿಬೀಳುತ್ತಾರೆ. ಅರ್ಜಿಗೆ ಇಬ್ಬರ ಸಹಿಯೂ ಬೇಕು, ಬೆರಳಚ್ಚು ಕೊಡಲು ಇಬ್ಬರೂ ಹೋಗಬೇಕು. ಗುಟ್ಟಾಗಿಯೇ ಇರಬೇಕೆಂದರೆ ಊರಿನ ಬದಲು ಮದುವೆ ದಿನದ ಊಟದ ಜಾಗವನ್ನು ಗುಟ್ಟಾಗಿಡಿ.

ಪಹಣಿ, ಡೇರಿ, ಬ್ಯಾಂಕು

ಸಂಬಳದಾರರಿಗೆ ಸಂಬಳದ ಚೀಟಿ, ರಜೆ ಪತ್ರ, ಐ.ಟಿ. ರಿಟರ್ನ್ಸ್ ಇದ್ದರೆ ಮುಗಿಯಿತು. ನಮ್ಮ ಜಿಲ್ಲೆಯ ಕಷ್ಟ ಬೇರೆ. ದ್ರಾಕ್ಷಿ ಬೆಳೆಯುವವರು, ಹಾಲು ಹಾಕುವವರು, ರೇಷ್ಮೆಗೂಡು ಮಾರುವವರು ಎಷ್ಟೋ ಜನ ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಆದಾಯವಿದೆ, ದಾಖಲೆಯಿಲ್ಲ. ಇಂಥವರು ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಡೇರಿ ಮತ್ತು ಗೂಡಿನ ಮಾರುಕಟ್ಟೆಯ ಹಣ ಖಾತೆಗೆ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್.ಡಿ. ರಸೀದಿ ಕೊಡಬೇಕು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ದೊಡ್ಡಬಳ್ಳಾಪುರದ ಮಗ್ಗದವರು ಉದ್ಯಮ್ ನೋಂದಣಿ, ಜಿ.ಎಸ್.ಟಿ. ಕಾಗದ ಸೇರಿಸಲಿ.

ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ಬಂದು ಬಿದ್ದ ದೊಡ್ಡ ಮೊತ್ತ ಅನುಮಾನಕ್ಕೆ ದಾರಿ. ಜಮೀನು ಮಾರಿದ ಅಥವಾ ಭೂಸ್ವಾಧೀನದ ಪರಿಹಾರದ ಹಣವಾದರೆ ಕ್ರಯಪತ್ರವನ್ನೋ ಪರಿಹಾರದ ಆದೇಶವನ್ನೋ ಲಗತ್ತಿಸಿ. ಸ್ವಿಟ್ಜರ್ಲೆಂಡ್ ಕೇಳುವುದು ದಿನಕ್ಕೆ ತಲಾ ಸುಮಾರು 100 ಫ್ರಾಂಕ್ ಖರ್ಚು ಮಾಡುವ ಶಕ್ತಿ. ಅದನ್ನು ಹಾಳೆಯ ದಿನಗಳಿಗೆ ಗುಣಿಸಿಕೊಳ್ಳಿ.

ಪಾಸ್‌ಪೋರ್ಟಿನ ಹೆಸರು

ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸಾದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿಯಿರಬೇಕು. ಬೇರೆ ಕೆಲವು ದೇಶಗಳು ಆರು ತಿಂಗಳು ಕೇಳುವುದರಿಂದ ಅದನ್ನೇ ಲೆಕ್ಕಕ್ಕಿಟ್ಟುಕೊಳ್ಳುವುದು ಕ್ಷೇಮ. ಹೊಸದಾಗಿ ಮಾಡಿಸುವವರು ಲಾಲ್‌ಬಾಗ್ ಅಥವಾ ಮಾರತ್‌ಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಆನ್‌ಲೈನಿನಲ್ಲಿ ದಿನ ಪಡೆಯಬೇಕು. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್‌ಗೆ ಮೇಲೆ 2,000.

ನಮ್ಮವರ ಹೆಸರಿನಲ್ಲಿ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಟಿಕೆಟ್ಟಿನಲ್ಲಿ ಇನ್ನೊಂದು ಥರ ಇದ್ದರೆ ಚೆಕ್–ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಟಿಕೆಟ್, ವಿಮೆ, ವೀಸಾ ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರಿರಲಿ. ಸರ್‌ನೇಮ್ ಜಾಗ ಖಾಲಿಯಿದ್ದರೆ ಟಿಕೆಟ್ಟಿನಲ್ಲಿ ಹೇಗೆ ಬರೆಯಬೇಕೆಂದು ವಿಮಾನ ಕಂಪನಿಯನ್ನೇ ಕೇಳಿ. ದಾರಿಯಲ್ಲಿ ದುಬೈ ನೋಡಿಕೊಂಡು ಹೋಗೋಣ ಎನ್ನುವವರು ಇನ್ನೂ ಎಚ್ಚರವಾಗಿರಬೇಕು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ಪ್ರವೇಶವಿಲ್ಲವೆಂದು ಯು.ಎ.ಇ. 2022ರ ನವೆಂಬರಿನಲ್ಲಿ ನಿಯಮ ತಂದಿತು.

ದುಡ್ಡು

ಫ್ರಾನ್ಸಿನಲ್ಲಿ ಯೂರೊ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ವೀಸಾ ಒಂದೇ ಆದರೂ ನಾಣ್ಯ ಬೇರೆ. ಫಾರೆಕ್ಸ್ ಕಾರ್ಡಿಗೆ ಎರಡನ್ನೂ ತುಂಬಿಸಿಕೊಳ್ಳಿ, ಚಿಲ್ಲರೆಗೆ ಸ್ವಲ್ಪ ನಗದು ಇರಲಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ, ಆ ವಿನಿಮಯ ದರ ದುಬಾರಿ. ಐಫೆಲ್ ಗೋಪುರದ ಟಿಕೆಟ್ಟಿಗೆ 2024ರ ಫೆಬ್ರವರಿಯಿಂದ ಯು.ಪಿ.ಐ. ಬಂದಿದೆ, ಹಾಗೆಂದು ಬೀದಿಯ ಬೇಕರಿಯಲ್ಲೂ ನಡೆಯುತ್ತದೆಂದು ನಂಬಬೇಡಿ.

ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಬಿಲ್ಲಿನ ಮೇಲೆ ಟಿ.ಸಿ.ಎಸ್. (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಬಜೆಟ್ಟಿನಿಂದ ಬಜೆಟ್ಟಿಗೆ ದರ ಬದಲಾಗುತ್ತದೆ, ಈ ವರ್ಷದ್ದು ಎಷ್ಟೆಂದು ಕೇಳಿ. ಈ ಹಣ ಹೋಗಿಬಿಡುವುದಿಲ್ಲ. ನಿಮ್ಮ ಪ್ಯಾನ್‌ನ 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ತೆರಿಗೆ ಕಟ್ಟದ ರೈತರೂ ಆ ವರ್ಷ ರಿಟರ್ನ್ಸ್ ಹಾಕಲು ಇದೊಂದೇ ಕಾರಣ ಸಾಕು.

ಚೀಲದಲ್ಲಿ ಏನು ಬೇಡ

ದೂರದ ನೆಂಟರಿಗೆ ದೇವನಹಳ್ಳಿ ಚಕ್ಕೋತ ಒಯ್ಯುವ ಆಸೆ ಬಿಡಿ. 2019ರ ಡಿಸೆಂಬರ್ 14ರಿಂದ ಯುರೋಪಿಗೆ ತಾಜಾ ಹಣ್ಣು, ಸೊಪ್ಪು ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್ ಐದಕ್ಕೆ ಮಾತ್ರ ವಿನಾಯಿತಿ. ಹಸಿ ಕರಿಬೇವು, ವೀಳ್ಯದೆಲೆಗೂ ಇದೇ ನಿಯಮ. ಹಾಲಿನ ಪೇಡ, ತುಪ್ಪಕ್ಕೂ ಪ್ರವೇಶವಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆಯಿರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆಂದು ಅದನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಚೆಕ್–ಇನ್ ಲಗೇಜಿನಿಂದ ತೆಗೆಸುತ್ತಾರೆ. ಹುರಿಹಿಟ್ಟು, ಚಟ್ನಿಪುಡಿ ಇಟ್ಟುಕೊಂಡು ಹಳ್ಳಿಯಲ್ಲಿ ಅಡುಗೆಮನೆ ಇರುವ ರೂಮು ಹಿಡಿದರೆ ಊಟದ ಖರ್ಚೂ ಇಳಿಯುತ್ತದೆ. ಅಲ್ಲಿ ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ.

ಹೊರಡುವ ರಾತ್ರಿ

ಯುರೋಪಿನ ಹಲವು ವಿಮಾನಗಳು ಇಲ್ಲಿಂದ ಹೊರಡುವುದು ಮಧ್ಯರಾತ್ರಿಯ ನಂತರ. ಟಿಕೆಟ್ಟಿನಲ್ಲಿ ಮೇ 15, ಬೆಳಗಿನ ಜಾವ 2 ಗಂಟೆ ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 14ರ ರಾತ್ರಿ ಊಟ ಮುಗಿಸಿ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಕ್ಯಾಬಿನವರಿಗೂ ಹಾಲು ಕರೆಯಲು ಬರುವವರಿಗೂ ‘14ರ ರಾತ್ರಿ’ ಎಂದೇ ಹೇಳಿ. ಹೊಸಕೋಟೆಯವರು ನಗರದೊಳಗೆ ಹೋಗದೆ ಸ್ಯಾಟಲೈಟ್ ರಿಂಗ್ ರಸ್ತೆಯಲ್ಲಿ ದೇವನಹಳ್ಳಿ ಕಡೆಗೆ ಬರಬಹುದು. ವಿದೇಶಿ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮೂರು ಗಂಟೆ ಮೊದಲೇ ಅಲ್ಲಿರಿ.

ಆ ಕಡೆ ಇಳಿದಾಗ ಮೊದಲಿನಂತೆ ಬರೀ ಮುದ್ರೆ ಒತ್ತಿ ಕಳಿಸುವುದಿಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ ಗಡಿಯಲ್ಲೇ ಮುಖದ ಚಿತ್ರ, ಬೆರಳಚ್ಚು ದಾಖಲಿಸುತ್ತಾರೆ. ಸಾಲು ನಿಧಾನ. ಇಳಿದ ಒಂದೇ ಗಂಟೆಗೆ ರೈಲು ಬುಕ್ ಮಾಡಿಕೊಂಡವರು ಪರದಾಡುತ್ತಾರೆ. ಮೊದಲ ರಾತ್ರಿಯನ್ನು ಇಳಿದ ಊರಿಗೇ ಕೊಟ್ಟಿರುವುದು ಈ ಕಾರಣಕ್ಕೂ ಹೌದು.

ವಾಪಸ್ ಬಂದ ಮೇಲೆ ಬುಕಿಂಗ್ ಕಾಗದ, ವೀಸಾದ ಪ್ರತಿ ಎತ್ತಿಡಿ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲವಾಗಿದೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರು ಎರಡು ವರ್ಷದ, ಎಷ್ಟು ಸಲವಾದರೂ ಹೋಗಿಬರುವ ವೀಸಾ ಪಡೆಯಬಹುದು. ಹಾಗಾಗಿ ಮೊದಲ ಸಲ ಹಾಳೆಯಲ್ಲಿ ಬರೆದಂತೆಯೇ ಮಲಗಿ ಎದ್ದು ಬನ್ನಿ. ಇಪ್ಪತ್ತೇಳನೇ ವರ್ಷಕ್ಕೆ ಇನ್ನೊಮ್ಮೆ ಹೋದರೆ, ಅದರ ಮುಂದಿನ ಅರ್ಜಿ ಹೊತ್ತಿಗೆ ನಿಮ್ಮ ಪಾಸ್‌ಪೋರ್ಟೇ ನಿಮ್ಮ ಪರ ಮಾತಾಡುತ್ತದೆ.