ಝೆರಾಕ್ಸ್ ಅಂಗಡಿ ಮುಂದೆ ಶುರುವಾಗುವ ಸೇವೆ

ಬುಧವಾರ ಸಂಜೆ ಆರೂವರೆ. ಬೆಳಗಾವಿಯ ಸಿವಿಲ್ ಆಸ್ಪತ್ರೆ ಎದುರಿನ ಝೆರಾಕ್ಸ್ ಅಂಗಡಿ ಮುಂದೆ ನಿಂತು ಆಂಟಿ ತಮ್ಮ ಚೀಲದ ಜಿಪ್ ತೆಗೆದರು. ಬೈಬಲ್ ಹೊರಗೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಒಂದು ಸ್ಟೇಪ್ಲರ್. ಆಮೇಲೆ ಬಾಚಣಿಗೆ, ಎರಡು ಸೋಪು, ಗ್ಲುಕೋಸ್ ಬಿಸ್ಕಿಟ್, ಚಹಾ ತುಂಬಿದ ಥರ್ಮಾಸ್, ಒಂದು ನೂರು ಪುಟದ ನೋಟ್‌ಬುಕ್.

"ತಮ್ಮಾ, ಮೊದಲ ವಾರ್ಡಿಗೆ ಹೋಗಿ ಯಾರ್‍ಯಾರ ಹತ್ರ ರೇಷನ್ ಕಾರ್ಡ್ ಐತಿ ಕೇಳ್ಕೊಂಡ್ ಬಾ. ಆಧಾರ್ ಕಾರ್ಡೂ ಇಸ್ಕೋ. ತಲಾ ಮೂರ್ ಮೂರ್ ಝೆರಾಕ್ಸ್ ಮಾಡ್ಸೂಣು."

ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಯಾಕ, ಪ್ರಾರ್ಥನಾ ಮಾಡಾಕ ಕರ್ಕೊಂಡ್ ಬಂದೀನಿ ಅನ್ಕೊಂಡಿದ್ಯಾ? ಇದೂ ಅದರಾಗ ಬರ್ತದ."

ಆಸ್ಪತ್ರೆಗೆ ಹಳ್ಳಿಯಿಂದ ಬಂದವರ ಜೊತೆ ಒಮ್ಮೆ ನಿಂತು ನೋಡಿದರೆ ಈ ಮೂರು ಝೆರಾಕ್ಸ್ ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಕಾರ್ಡು ಊರಲ್ಲಿ, ಮನೆಯ ಟ್ರಂಕಿನಲ್ಲಿ ಇರುತ್ತದೆ. ಯಾವ ಕೌಂಟರ್‌ಗೆ ಹೋಗಬೇಕು, ಯಾವ ಕಾಗದಕ್ಕೆ ಯಾರ ಸಹಿ, ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ರೆಫರಲ್ ಚೀಟಿ ಎಲ್ಲಿ ಬರೆಸಬೇಕು, ಇದನ್ನೆಲ್ಲ ಗಂಡನ ಪಕ್ಕ ಕುಳಿತು ಗ್ಲುಕೋಸ್ ಬಾಟಲಿ ನೋಡುತ್ತಿರುವ ಹೆಣ್ಣುಮಗಳಿಗೆ ಯಾರು ಹೇಳಬೇಕು? ಆಂಟಿ ಹೇಳುತ್ತಾರೆ. ಅವರು ನಿವೃತ್ತ ನರ್ಸ್. ಕ್ಯಾಂಪ್ ಕಡೆಯವರು, ನಮ್ಮ ಚರ್ಚಿನವರೇ. ಹೆಸರು ಬರೆಯಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದ್ದಾರೆ, ಹಾಗಾಗಿ ಆಂಟಿ ಅಂತಲೇ ಕರೆಯುತ್ತೇನೆ.

ನಾನು ಉದ್ಯಮಬಾಗದ ಒಂದು ಕಂಪನಿಯಲ್ಲಿ ಕ್ಯಾಡ್ ಡಿಸೈನರ್. ದೇವರ ಸೇವೆ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ವೇದಿಕೆ, ಮೈಕು, ಕೀಬೋರ್ಡು. ಅದು ನನ್ನ ಕೈಯಲ್ಲಿ ಆಗದ ಕೆಲಸ. ಅದಕ್ಕೆ ಪ್ರತಿ ತಿಂಗಳು ಒಂದನೇ ತಾರೀಖು ಚರ್ಚಿನ ಸಹಾಯ ನಿಧಿಗೆ ಸಾವಿರ ರೂಪಾಯಿ ಫೋನ್‌ಪೇ ಮಾಡಿ, ಮುಗೀತು ಅಂತ ಸುಮ್ಮನಿರುತ್ತಿದ್ದೆ. ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಎಂಟು ಜನರನ್ನು ತೆಗೆದರು. ಎರಡನೇ ಪಟ್ಟಿ ಬರುತ್ತದೆ, ಅದರಲ್ಲಿ ನನ್ನ ಹೆಸರೂ ಇರಬಹುದು ಅನ್ನುವ ಸುದ್ದಿ ಹಬ್ಬಿತು. ಆಮೇಲೆ ರಾತ್ರಿ ನಿದ್ದೆ ಇಲ್ಲ. ಪ್ರಾರ್ಥನೆಗೆ ಕೂತರೆ ಎರಡನೇ ನಿಮಿಷಕ್ಕೆ ಅದು ಇಎಂಐ ಲೆಕ್ಕವಾಗಿ ಬಿಡುತ್ತಿತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಆಂಟಿ ಹತ್ತಿರ ಇದನ್ನೇ ಹೇಳಿದೆ. ದೇವರಲ್ಲಿ ಭರವಸೆ ಇಡು, ಎಲ್ಲ ಸರಿ ಹೋಗುತ್ತದೆ ಅನ್ನುತ್ತಾರೆ ಅಂತ ಕಾದೆ. ಅವರು ಅಂದದ್ದು ಇಷ್ಟೇ: "ನಿದ್ದಿ ಬರೂದಿಲ್ಲ ಅಂದ್ರ ಬುಧವಾರ ನನ್ನ ಕೂಡ ಬಾ. ಚೀಲ ಹಿಡ್ಯಾಕ ಒಬ್ಬರು ಬೇಕಾಗ್ಯಾರ."

ಆ ಮೊದಲ ಬುಧವಾರವೇ ಅವನನ್ನು ನೋಡಿದ್ದು. ಇಪ್ಪತ್ತಾರು ವರ್ಷದ ಹುಡುಗ, ಖಾನಾಪುರ ದಾಟಿ ಗುಂಜಿ ಕಡೆಯ ಒಂದು ಹಳ್ಳಿಯವನು. ಗೋವಾದಲ್ಲಿ ಕಟ್ಟಡದ ಕೆಲಸ. ಟಿಬಿ ಅಂತ ಗೊತ್ತಾಗಿತ್ತು. ತೂಕ 41 ಕೆಜಿ. ಪಕ್ಕದಲ್ಲಿ ಕೂತ ತಾಯಿ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು, ಊರಲ್ಲಿ ಯಾರಿಗೂ ತಿಳಿಯಬಾರದು, ಮಗಳ ಮದುವೆ ಮಾತುಕತೆ ನಡೆದಿದೆ. ಹುಡುಗ ಕೇಳುತ್ತಿದ್ದದ್ದೂ ಒಂದೇ, ಕೆಲಸಕ್ಕೆ ಯಾವಾಗ ಹೋಗಬಹುದು. ಮಾತ್ರೆ ಸರ್ಕಾರದಿಂದ ಪುಕ್ಕಟೆ, ಆದರೆ ಸಾಮಾನ್ಯ ಟಿಬಿಗೂ ಆರು ತಿಂಗಳು ಬಿಡದೆ ತಗೋಬೇಕು. ಆರು ತಿಂಗಳು ದುಡಿಮೆ ಇಲ್ಲದೆ ಮನೆ ಹೇಗೆ ನಡೆಯಬೇಕು ಅನ್ನುವುದಕ್ಕೆ ವಾರ್ಡಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಂಟಿ ತಾಯಿಯ ಕೈ ಹಿಡಿದು ಮರಾಠಿಯಲ್ಲೇ ಹೇಳಿದರು: ಮಾವಶಿ, ಆರು ತಿಂಗಳು ಮನೆಗೆ ಕಾಳು-ಕಡಿ ನಾವು ತಂದು ಕೊಡುತ್ತೇವೆ, ಅವನನ್ನು ಕೆಲಸಕ್ಕೆ ಕಳಿಸಬೇಡಿ.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾರ್‍ನ ಕೇಳಿ ಮಾತ್ ಕೊಟ್ರಿ ಆಂಟಿ? ನಿಧಿಯೊಳಗ ದುಡ್ಡ ಎಷ್ಟೈತಿ ಗೊತ್ತೈತೇನು?"

"ನಾಕು ಸಾವಿರದ ಇನ್ನೂರು."

"ಮತ್ತ?"

"ಮೊದಲ ಎರಡ್ ತಿಂಗಳಿಗೆ ಸಾಕಾಗ್ತದ. ಮೂರನೇ ತಿಂಗಳಿಂದು ಮೂರನೇ ತಿಂಗಳಾಗ ನೋಡೂಣು. ದೇವರು ಇದ್ದಾನ, ನೀ ಇದ್ದಿ."

ನಿಜ ಹೇಳಬೇಕೆಂದರೆ ನನಗೆ ಇದು ಭರವಸೆ ಅನ್ನಿಸಲಿಲ್ಲ, ಬೇಜವಾಬ್ದಾರಿ ಅನ್ನಿಸಿತು. ಮನೆಗೆ ಬಂದು ಓದಲು ಶುರು ಮಾಡಿದೆ. ದೇವರನ್ನೇ ನಂಬಿ ದೊಡ್ಡ ಕೆಲಸ ಮಾಡಿದವರು ಅಂದರೆ ಚರ್ಚುಗಳಲ್ಲಿ ಮೊದಲು ಬರುವ ಹೆಸರು ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್. 1836ರಲ್ಲಿ ಅನಾಥ ಮಕ್ಕಳಿಗೆ ಮನೆ ತೆರೆದವರು, ಯಾರ ಹತ್ತಿರವೂ ಕೈ ಚಾಚದೆ ಸಾವಿರಾರು ಮಕ್ಕಳನ್ನು ಸಾಕಿದವರು. ಭಾಷಣಗಳಲ್ಲಿ ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಆ ಮನುಷ್ಯ ಬಂದ ಪ್ರತಿ ಕಾಸಿನ ಲೆಕ್ಕ ಇಟ್ಟು ವರ್ಷ ವರ್ಷ ಅಚ್ಚು ಹಾಕಿಸುತ್ತಿದ್ದರು, ಸಾಲ ಮಾತ್ರ ಮಾಡುತ್ತಿರಲಿಲ್ಲ. ಅವರ ಬಗ್ಗೆ ಓದಿ ಪ್ರಭಾವಿತರಾದವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಹೆಣ್ಣುಮಗಳು. 1896-97ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವದ ಮುಕ್ತಿ ಸದನದಲ್ಲಿ ಇಟ್ಟುಕೊಂಡರು. ನಾಳೆ ಏನು ಅನ್ನುವುದನ್ನು ದೇವರಿಗೆ ಬಿಟ್ಟರು, ಆದರೆ ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೇಯ್ಗೆ, ಮುದ್ರಣ ಕಲಿಸಿದರು.

ಇಷ್ಟು ಓದಿ ಮುಗಿಸಿದ ಮೇಲೆ ಆಂಟಿಯ ನೂರು ಪುಟದ ನೋಟ್‌ಬುಕ್ ನೆನಪಾಯಿತು. ಮುಂದಿನ ಬುಧವಾರ ಕೇಳಿ ತಗೊಂಡು ನೋಡಿದೆ. ಒಂದು ಕಡೆ ಹಣದ ಲೆಕ್ಕ, ಆಟೋ 60 ರೂಪಾಯಿ, ಝೆರಾಕ್ಸ್ 36 ಅನ್ನುವಷ್ಟು ಸಣ್ಣದು. ಇನ್ನೊಂದು ಕಡೆ ರೋಗಿಗಳು: ಹೆಸರಿನ ಬದಲು ಊರು, ಮಾತ್ರೆ ಶುರುವಾದ ತಾರೀಖು, ತೂಕ. ಒಂದು ಪುಟದ ಮೇಲೆ ಅಡ್ಡ ಗೆರೆ ಎಳೆದಿತ್ತು.

ಕೇಳಬಾರದಿತ್ತು, ಕೇಳಿದೆ. ನಂದಗಡ ಕಡೆಯ ಒಬ್ಬ ಮನುಷ್ಯ. ಎರಡು ತಿಂಗಳಾದ ಮೇಲೆ ಕೆಮ್ಮು ನಿಂತಿತು, ಆರಾಮಾಯಿತು ಅಂತ ಮಾತ್ರೆ ಬಿಟ್ಟು ಗೋವಾಕ್ಕೆ ದುಡಿಯಲು ಹೋದ. "ನಾ ದಿನಾ ಪ್ರಾರ್ಥನಾದಾಗ ನೆನಸ್ತಿದ್ದೆ. ಫೋನ್ ಮಾತ್ರ ಮಾಡ್ಲಿಲ್ಲ. ದೇವರು ನೋಡ್ಕೋತಾನ ಅಂತ ಸುಮ್ಮನಿದ್ದೆ. ಮಳಿಗಾಲದಾಗ ಅವನ ಹೆಂಡ್ತಿ ಫೋನ್ ಮಾಡಿದ್ಲು, ಮಣ್ಣು ಮುಗಿಸಿ." ಅದಾದ ಮೇಲೆ ಒಂದು ತಿಂಗಳು ಚರ್ಚಿಗೆ ಹೋದರೂ ಹಾಡು ಹೇಳಲಿಲ್ಲವಂತೆ. ಸಿಟ್ಟು ದೇವರ ಮೇಲೋ ತಮ್ಮ ಮೇಲೋ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಎಲ್ಲ ರೋಗಿಗಳಿಗೆ ಫೋನ್ ಮಾಡುತ್ತಾರೆ. ಪ್ರಾರ್ಥನೆ ಅದರ ನಂತರ.

ಕಾಳು-ಕಡಿಯ ವಿಷಯವೂ ಬರೀ ದಯೆ ಅಲ್ಲ ಅಂತ ನನಗೆ ತಡವಾಗಿ ತಿಳಿಯಿತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಟಿಬಿ ರೋಗಿಯ ಮನೆಯವರಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ಅವರಲ್ಲಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ರೋಗಿಯ ತೂಕ ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ಏರಿದರೆ ಸಾವಿನ ಅಪಾಯ ಸುಮಾರು ಶೇ. 60ರಷ್ಟು ಇಳಿಯುತ್ತದೆ ಅಂತಲೂ ಕಂಡುಬಂತು. 41 ಕೆಜಿಗೆ ಶೇ. 5 ಅಂದರೆ ಎರಡು ಕೆಜಿ. ಅಂದಿನಿಂದ ನನ್ನ ತಲೆಯಲ್ಲಿ ಆ ಎರಡು ಕೆಜಿಯೇ ಕೂತಿತು. ಸರ್ಕಾರ ಪೌಷ್ಟಿಕ ಆಹಾರಕ್ಕೆ ಅಂತ ರೋಗಿಯ ಬ್ಯಾಂಕ್ ಖಾತೆಗೆ ಹಾಕುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಅದರ ಮೇಲೆ ನಿಮ್ಮಂಥವರು, ನಮ್ಮಂಥವರು ನಿಕ್ಷಯ್ ಮಿತ್ರ ಅಂತ ಹೆಸರು ನೋಂದಾಯಿಸಿ, ರೋಗಿ ಒಪ್ಪಿದರೆ, ಆಹಾರದ ಕಿಟ್ ಕೊಡಬಹುದು. 2022ರಿಂದ ಇದೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಆಂಟಿಗೆ ಪೋರ್ಟಲ್ ಅಂದರೆ ತಲೆನೋವು. ಆ ಕೆಲಸ ನನಗೆ ಬಂತು.

ಮೊದಲ ಭಾನುವಾರದ ಪ್ರಯಾಣ ಹೇಳಲೇಬೇಕು. ಶಕ್ತಿ ಯೋಜನೆ ಬಂದ ಮೇಲೆ ಆಂಟಿಗೂ ಅವರ ಜೊತೆಯ ಇಬ್ಬರು ಅಕ್ಕಂದಿರಿಗೂ ಟಿಕೆಟ್ ಇಲ್ಲ, ದುಡ್ಡು ಕೊಡುವವನು ನಾನೊಬ್ಬನೇ. ಮೂರು ಚೀಲ, ಒಂದು ತೂಕದ ಯಂತ್ರ. ನಾನು ದಿನಾ ಇಳಿಯುವ ಉದ್ಯಮಬಾಗ ದಾಟಿ, ಪೀರನವಾಡಿ, ಮಚ್ಛೆ, ದೇಸೂರು. ಖಾನಾಪುರದಲ್ಲಿ ಮಲಪ್ರಭೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಲ್ಲಿ ಬಸ್ ಬದಲಿಸಿ ಗುಂಜಿ ಕಡೆ. ಇಳಿದು ಎರಡು ಕಿಲೋಮೀಟರ್ ಕೆಸರು ದಾರಿ. ಖಾನಾಪುರದ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಬಿದಿರಿಗೆ ಕಟ್ಟಿ ಹೊತ್ತು ತರುವ ಫೋಟೋಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಆ ದಾರಿಯಲ್ಲಿ ನಡೆದಾಗ ಆ ಫೋಟೋ ಬೇರೆ ಥರ ಕಾಣುತ್ತದೆ.

ಊರ ಬಾಗಿಲಲ್ಲಿ ನಾಲ್ಕು ಜನ ತಡೆದರು. ಆಂಟಿಯ ಕೊರಳಲ್ಲಿ ಶಿಲುಬೆ ಇತ್ತು. "ಮತಾಂತರ ಮಾಡಾಕ ಬಂದೀರೇನು?"

ನನಗೆ ಎದೆ ಹೊಡೆದುಕೊಂಡಿತು. 2021ರ ಡಿಸೆಂಬರ್ 23ರಂದು ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಮರುವರ್ಷ ಕಾನೂನಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಕಾನೂನಿನಲ್ಲಿ ಆಮಿಷ ಅನ್ನುವುದರಲ್ಲಿ ಉಡುಗೊರೆಯೂ ಸೇರಿತ್ತು. ಬೇಳೆ ಚೀಲ ಹೊತ್ತವನಿಗೆ ಅದು ನೆನಪಾಗದೆ ಇರುತ್ತದೆಯೇ? ಆದರೆ ಒಂದು ಮಾತು ಹೇಳುತ್ತೇನೆ, ನಮ್ಮವರು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆ ಪ್ರಶ್ನೆ ತಪ್ಪಲ್ಲ. ಪುಕ್ಕಟೆ ಕೊಡಲು ಬಂದವರನ್ನು ಯಾಕೆ ಅಂತ ಕೇಳುವ ಹಕ್ಕು ಊರಿಗಿದೆ. ಬೆಳಗಾವಿಗೆ ಲಂಡನ್ ಮಿಷನ್‌ನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. ಆ ಮಿಷನ್‌ನಿಂದ ಬೆಳೆದ ಬೆನನ್ ಸ್ಮಿತ್ ಶಾಲೆಯಲ್ಲಿ, ಜೆಸ್ವಿಟರ ಸೇಂಟ್ ಪಾಲ್ಸ್‌ನಲ್ಲಿ ಎಲ್ಲ ಧರ್ಮದ ಮಕ್ಕಳು ಓದಿದ್ದಾರೆ. ಇನ್ನೂರು ವರ್ಷದ ಒಡನಾಟ ಇದ್ದರೂ ಒಬ್ಬೊಬ್ಬರು ಹೊಸದಾಗಿಯೇ ಉತ್ತರ ಕೊಡಬೇಕಾಗುತ್ತದೆ.

ಆಂಟಿ ಗಾಬರಿಯಾಗಲಿಲ್ಲ. "ಚೀಲ ಬಿಚ್ಚಿ ನೋಡ್ರಿ ಅಣ್ಣಾ. ಬೇಳಿ, ಎಣ್ಣಿ, ಶೇಂಗಾ ಅದಾವ. ಪುಸ್ತಕ ಇಲ್ಲ. ನಿಮ್ಮ ಆಶಾ ಬಾಯಿ ಬರ್ಲಿ, ಅವರ ಮುಂದನ ಕೊಡ್ತೀನಿ." ಅದು ಅವರ ನಿಯಮವೇ. ಊರಿಗೆ ಹೋದರೆ ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿರುತ್ತಾರೆ, ಕರಪತ್ರ ಒಯ್ಯುವುದಿಲ್ಲ, ರೋಗದ ಹೆಸರು ಬಾಯಿ ಬಿಡುವುದಿಲ್ಲ, ಯಾರಾದರೂ ಕೇಳದೆ ಪ್ರಾರ್ಥನೆ ಮಾಡುವುದಿಲ್ಲ. ಆಶಾ ಬಾಯಿ ಬಂದರು. ತಡೆದವರಲ್ಲಿ ಒಬ್ಬ ಒಂದು ಚೀಲ ಎತ್ತಿಕೊಂಡು ಮುಂದೆ ನಡೆದ. ಉಳಿದವರು ಕೊನೆವರೆಗೂ ದೂರ ನಿಂತು ನೋಡುತ್ತಲೇ ಇದ್ದರು. ಇರಲಿ.

ಎಲ್ಲರಿಗೂ ಗೊತ್ತಿರುವ ಸಮಾರ್ಯದವನ ಕಥೆ ಇದೆಯಲ್ಲ, ದಾರಿಯಲ್ಲಿ ಬಿದ್ದವನಿಗೆ ಗಾಯ ಕಟ್ಟಿ ಛತ್ರಕ್ಕೆ ಒಯ್ದವನು. ಅವನು ಛತ್ರದವನ ಕೈಗೆ ಕೊಟ್ಟದ್ದು ಎರಡೇ ನಾಣ್ಯ, ಕೂಲಿಯವನ ಎರಡು ದಿನದ ಪಗಾರ. ಹೆಚ್ಚಿಗೆ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂತ ಮಾತು ಕೊಟ್ಟು ಹೋದ. ಬಸ್ಸಿನಲ್ಲಿ ವಾಪಸ್ ಬರುವಾಗ ಒಮ್ಮೆಲೇ ಹೊಳೆಯಿತು: ಗಾಯಗೊಂಡವನು ಬದುಕಿದನೇ ಇಲ್ಲವೇ ಅಂತ ಆ ಕಥೆ ಹೇಳುವುದೇ ಇಲ್ಲ. ಚಿಕ್ಕಂದಿನಿಂದ ಕೇಳಿದ್ದೇನೆ, ಗಮನಿಸಿರಲಿಲ್ಲ. ಆಂಟಿಗೆ ಹೇಳಿದರೆ, "ಹೌದಲ್ಲೋ" ಅಂದು ಕಿಟಕಿ ಕಡೆ ತಿರುಗಿದರು. ನಂದಗಡದವನು ನೆನಪಾಗಿರಬೇಕು.

ಎರಡನೇ ತಿಂಗಳ ಕೊನೆಗೆ ಅವರ ಅಂಗಳದಲ್ಲಿ ತೂಕದ ಯಂತ್ರ ಇಟ್ಟಾಗ ಮುಳ್ಳು 42.5ಕ್ಕೆ ನಿಂತಿತು. ಎರಡು ಕೆಜಿ ಆಗಿರಲಿಲ್ಲ. ನನಗೆ ಪಿಚ್ಚೆನಿಸಿತು. ಹುಡುಗ ಒಳಗೆ ಹೋಗಿ ತಂಗಿಗೆ ಏನೋ ಕೇಳಿದ, ಆಮೇಲೆ ತಲೆ ಕೆರೆದುಕೊಂಡು ಬಂದ. ನಾವು ಕೊಟ್ಟ ಶೇಂಗಾ ಅರ್ಧ ನೆಂಟರು ಬಂದಾಗ ಲಾಡು ಮಾಡಿದ್ದರಂತೆ, ಮದುವೆ ಮಾತುಕತೆಗೆ. ಆಂಟಿ ಬೈಯಲಿಲ್ಲ. ಮುಂದಿನ ತಿಂಗಳು ಎರಡು ಕೆಜಿ ಶೇಂಗಾ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡರು.

ಮೂರನೇ ತಿಂಗಳ ದುಡ್ಡು? ಅದು ಬಂದ ರೀತಿಯಲ್ಲಿ ಪವಾಡ ಏನೂ ಇಲ್ಲ. ನಮ್ಮ ಆಫೀಸಿನ ಊಟದ ಟೇಬಲಿನಲ್ಲಿ ನಾನು ಈ ಎರಡು ಕೆಜಿ ಲೆಕ್ಕ ಹೇಳಿದೆ. ಜೊತೆಯಲ್ಲಿ ಕೂರುವ ಒಬ್ಬ ಲಿಂಗಾಯತ ಗೆಳೆಯ, ಒಬ್ಬ ಮುಸ್ಲಿಂ ಸೀನಿಯರ್, ಇಬ್ಬರು ತಾವೂ ನಿಕ್ಷಯ್ ಮಿತ್ರ ಆಗುತ್ತೇವೆ ಅಂದರು. ಎರಡನೇ ಪಟ್ಟಿಯ ಭಯ ಅವರಿಗೂ ನನ್ನಷ್ಟೇ ಇದೆ. ಪಟ್ಟಿ ಇನ್ನೂ ಬಂದಿಲ್ಲ, ಬರುವುದಿಲ್ಲ ಅಂತ ಯಾರೂ ಹೇಳಿಲ್ಲ. ನಿದ್ದೆ ಎಲ್ಲ ದಿನ ಬರುತ್ತದೆ ಅಂತಲೂ ಹೇಳುವುದಿಲ್ಲ. ಬುಧವಾರ ರಾತ್ರಿ ಮಾತ್ರ ಬರುತ್ತದೆ, ಕಾಲು ನೋವಿಗೋ ಏನೋ.

ಹುಡುಗನಿಗೆ ಈಗ ಐದನೇ ತಿಂಗಳು. ತೂಕ 46. ತಂಗಿಯ ಮದುವೆ ತುಳಸಿ ಲಗ್ನ ಆದ ಮೇಲೆ ಅಂತ ಗೊತ್ತಾಗಿದೆ, ನಮಗೂ ಆಮಂತ್ರಣ ಇದೆ. ಕಳೆದ ಶನಿವಾರ ರಾತ್ರಿ ಆಂಟಿಗೆ ಗಂಟಲು ಕೆಟ್ಟು ಮಾತೇ ಹೊರಡುತ್ತಿರಲಿಲ್ಲ, ಫೋನುಗಳನ್ನು ನಾನೇ ಮಾಡಿದೆ. ಗುಂಜಿ ಕಡೆ ನೆಟ್‌ವರ್ಕ್ ಸಿಕ್ಕದೆ ಏಳು ಸಲ ಹಚ್ಚಿದೆ. ಎಂಟನೇ ಸಲ ಅವನೇ ಎತ್ತಿದ.

"ಗೋಳಿ ತಗೊಂಡೀನ್ರಿ ಸರ್," ಅಂದ, ನಾನು ಕೇಳುವ ಮೊದಲೇ. "ಆಂಟಿ ಎಲ್ಲದಾರ?"