ಮೈಸೂರು ಅರಸರ ಪ್ರೀತಿಯಿಂದ ಹುಟ್ಟಿದ ಆಲ್ಬಂ

* ಫರ್ನ್‌ಹಿಲ್ ಅರಮನೆಯ ಒಡೆಯರಿಗಿತ್ತು ರೆಕಾರ್ಡ್ ಹುಚ್ಚು * ರಷ್ಯಾದ ಸಂಗೀತಗಾರನಿಗೆ ಮೈಸೂರಿನ ಆಸರೆ

ಉದಕಮಂಡಲ: ಊಟಿಗೆ ಬಂದವರು ಬೊಟಾನಿಕಲ್ ಗಾರ್ಡನ್ ನೋಡ್ತಾರೆ, ಬೋಟ್ ಹೌಸ್‌ನಲ್ಲಿ ಒಂದು ಸುತ್ತು ಹಾಕ್ತಾರೆ, ದೊಡ್ಡಬೆಟ್ಟಕ್ಕೆ ಹೋಗಿ ಇಳೀತಾರೆ. ಇನ್ನೂ ಹೊತ್ತಿದ್ದರೆ ಫರ್ನ್‌ಹಿಲ್ ಅರಮನೆಯ ಕಡೆಗೂ ಗಾಡಿ ತಿರುಗುತ್ತದೆ. 'ಇದು ನಮ್ಮ ಮೈಸೂರು ಮಹಾರಾಜರದ್ದು' ಎನ್ನುವುದರಲ್ಲಿ ಗುಂಡ್ಲುಪೇಟೆ, ನಂಜನಗೂಡು ಕಡೆಯಿಂದ ಬಂದವರಿಗೆ ಒಂದು ಹೆಮ್ಮೆ.

ಆದರೆ ಮೈಸೂರು ಸಂಸ್ಥಾನವನ್ನು ಕೊನೆಯದಾಗಿ ಆಳಿದ ಜಯಚಾಮರಾಜ ಒಡೆಯರ್ ಅವರಿಗೆ ಗ್ರಾಮಫೋನ್ ರೆಕಾರ್ಡ್‌ಗಳ ಮೇಲಿದ್ದ ಪ್ರೀತಿಯ ಕಥೆ ಈ ಬೆಟ್ಟದಲ್ಲಿ ಗೊತ್ತಿರುವವರು ಕಡಿಮೆ. ಸಂಗೀತ ಮೆಚ್ಚಿದವರು ಅಂಗಡಿಗೆ ಹೋಗಿ ಆಲ್ಬಂ ತರುತ್ತಾರೆ. ಇವರು ಮೆಚ್ಚಿದ ಸಂಗೀತ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಿರಲಿಲ್ಲ. ಹಾಗಾಗಿ ಆಲ್ಬಮ್ಮನ್ನೇ ಮಾಡಿಸಿದರು!

ಬೆಟ್ಟಕ್ಕೂ ಅರಮನೆಗೂ ನಂಟು

ಮೈಸೂರಿಗೂ ನೀಲಗಿರಿಗೂ ಇರುವ ನಂಟು ಹಳೆಯದು. ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಒಂದು ಗೂಡಲೂರಿನ ಕಡೆಗೆ, ಇನ್ನೊಂದು ಮಸಿನಗುಡಿ, ಕಲ್ಹಟ್ಟಿಯ 36 ತಿರುವು ಹತ್ತಿ ಊಟಿಗೆ. ಬೇಸಿಗೆಯ ಬಿಸಿಲು ತಪ್ಪಿಸಿಕೊಳ್ಳಲು ಮೈಸೂರು ಅರಸರು ಬೆಟ್ಟ ಹತ್ತುತ್ತಿದ್ದರು. ಅದಕ್ಕೆಂದೇ 19ನೇ ಶತಮಾನದಲ್ಲಿ ಫರ್ನ್‌ಹಿಲ್ ಅವರ ಕೈಗೆ ಬಂತು. ಮುಂದೆ ಅದು ಹೋಟೆಲ್ಲಾಗಿಯೂ ನಡೆಯಿತು.

ಜಯಚಾಮರಾಜ ಒಡೆಯರ್ ಅವರಿಗೆ ಊಟಿಯ ಜತೆ ಇನ್ನೊಂದು ನಂಟೂ ಇತ್ತು. 1964ರಿಂದ 1966ರವರೆಗೆ ಅವರು ಮದ್ರಾಸ್ ರಾಜ್ಯದ ರಾಜ್ಯಪಾಲರು. ಊಟಿಯ ರಾಜಭವನವೇ ರಾಜ್ಯಪಾಲರ ಬೇಸಿಗೆಯ ನಿವಾಸ. ಅಂದರೆ ನೀಲಗಿರಿಗೆ ಅವರು ಬರೀ ಪಕ್ಕದ ರಾಜ್ಯದ ಮಹಾರಾಜರಲ್ಲ, ಒಂದು ಕಾಲಕ್ಕೆ ಇಲ್ಲಿನ ರಾಜ್ಯಪಾಲರೂ ಹೌದು.

ಪಿಯಾನೋ ಆಸೆ, ಸಿಂಹಾಸನದ ಹೊಣೆ

1919ರ ಜುಲೈ 18ರಂದು ಹುಟ್ಟಿದ ಒಡೆಯರ್ ಎಳೆಯ ವಯಸ್ಸಿನಲ್ಲೇ ಪಿಯಾನೋಗೆ ಮನಸೋತರು. ದೊಡ್ಡ ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂಬ ಆಸೆ ಅವರದ್ದು. 1939ರಲ್ಲಿ ಯೂರೋಪ್ ಪ್ರವಾಸ ಮಾಡಿ ಲಂಡನ್ನಿನ ಕಲಾವಿದರ, ವಿದ್ವಾಂಸರ ಪರಿಚಯ ಮಾಡಿಕೊಂಡು ಬಂದರು.

ಆದರೆ 1940 ಎಲ್ಲವನ್ನೂ ಬದಲಿಸಿತು. ಮಾರ್ಚ್‌ನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಹೋದರು. 21ರ ಹುಡುಗನ ತಲೆಯ ಮೇಲೆ ರಾಜ್ಯದ ಭಾರ. ಪಿಯಾನೋ ಕಲಾವಿದನಾಗುವ ಮಾತು ಅಲ್ಲಿಗೆ ಮುಗಿಯಿತು.

ನುಡಿಸುವುದು ನಿಂತರೂ ಕೇಳುವುದು ನಿಲ್ಲಲಿಲ್ಲ. ಅರಮನೆಯಲ್ಲಿ ರೆಕಾರ್ಡ್‌ಗಳು ರಾಶಿಯಾದವು. 1950ರ ಹೊತ್ತಿಗೆ ಅವರ ಸಂಗ್ರಹ ಸುಮಾರು 20,000 ಎಂಬ ಅಂದಾಜಿದೆ. ಆ ರಾಶಿಯಲ್ಲೂ ಅವರಿಗೆ ಸಾಲದೆ ಕಂಡದ್ದು ಒಬ್ಬನ ಸಂಗೀತ. ಆತನೇ ನಿಕೊಲಾಯ್ ಮೆಟ್ನರ್.

ಲಂಡನ್ನಿನಲ್ಲಿ ಕಷ್ಟದ ದಿನ

ಮೆಟ್ನರ್ ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದವರು. ಹೆಸರಾಂತ ರಾಖ್ಮನಿನಾಫ್‌ಗೆ ಆಪ್ತ ಗೆಳೆಯ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ ಕೊನೆಗೆ ಲಂಡನ್ ಸೇರಿದರು. ಕಾಲದ ಗಾಳಿಗೆ ತಕ್ಕಂತೆ ಸಂಗೀತ ಬದಲಿಸುವ ಮನುಷ್ಯ ಅಲ್ಲ. ಕೇಳುಗರು ಕಡಿಮೆಯಾದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಮೇಲಿಂದ ಹೃದಯದ ಕಾಯಿಲೆ.

ಅಂಥ ಹೊತ್ತಿನಲ್ಲಿ, ಯುದ್ಧ ಮುಗಿದ ಮೇಲೆ, ಮೈಸೂರಿನಿಂದ ಸುದ್ದಿ ಹೋಯಿತು: ನಿಮ್ಮ ಸಂಗೀತವನ್ನು ನೀವೇ ನುಡಿಸಿ ರೆಕಾರ್ಡ್ ಮಾಡಿ, ಖರ್ಚು ಮಹಾರಾಜರದ್ದು. ಹೀಗೆ 'ಮೆಟ್ನರ್ ಸೊಸೈಟಿ' ಹುಟ್ಟಿತು. ನಾಯಿ ಚಿತ್ರದ ಎಚ್‌ಎಂವಿ ಕಂಪನಿ ರೆಕಾರ್ಡ್ ಹೊರತಂದಿತು.

1947ರಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೋ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜತೆ ನುಡಿಸಿದರು. ಆಗ ಅವರಿಗೆ 67 ವಯಸ್ಸು. ಮುಂದೆ ಹೆಸರಾಂತ ಗಾಯಕಿ ಎಲಿಜಬೆತ್ ಶ್ವಾರ್ಝ್‌ಕಾಫ್ ಹಾಡಿದ ಗೀತೆಗಳಿಗೆ ತಾವೇ ಪಿಯಾನೋ ನುಡಿಸಿದರು. ಒಟ್ಟು ಮೂರು ಆಲ್ಬಂ ಬಂದವು. ಮೂರನೇ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.

ಆಲ್ಬಂ ಅಂದರೆ ಪುಸ್ತಕ!

ಈಗಿನ ಹುಡುಗರಿಗೆ ಆಲ್ಬಂ ಅಂದರೆ ಮೊಬೈಲಿನಲ್ಲಿ ಒಂದು ಚಿತ್ರ, ಕೆಳಗೆ ಹತ್ತು ಹಾಡಿನ ಪಟ್ಟಿ. ಆಗ ಹಾಗಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು. ಒಂದು ಬದಿಗೆ ನಾಲ್ಕೈದು ನಿಮಿಷದ ಸಂಗೀತ ಅಷ್ಟೆ. ಅರ್ಧ ಗಂಟೆಯ ಕನ್ಸರ್ಟೊ ಕೇಳಬೇಕಾದರೆ ಪ್ಲೇಟು ತಿರುಗಿಸಿ, ಬದಲಿಸಿ ಸಾಕಾಗುತ್ತಿತ್ತು. ಆ ಪ್ಲೇಟುಗಳನ್ನೆಲ್ಲ ಫೋಟೋ ಆಲ್ಬಮ್ಮಿನಂತೆ ದಪ್ಪ ರಟ್ಟಿನ ಪುಸ್ತಕದೊಳಗೆ ಒಂದೊಂದು ಲಕೋಟೆಯಲ್ಲಿ ಇಡುತ್ತಿದ್ದರು. ಆಲ್ಬಂ ಎಂಬ ಹೆಸರು ಬಂದದ್ದೇ ಅಲ್ಲಿಂದ. ಕೈ ಜಾರಿದರೆ ಚೂರು ಚೂರು!

ದುಡ್ಡಿನ ಪ್ರಶ್ನೆ

ಮಹಾರಾಜರ ನೆರವು ಮೆಟ್ನರ್‌ಗಷ್ಟೇ ನಿಲ್ಲಲಿಲ್ಲ. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ರೆಕಾರ್ಡ್ ಸಂಗ್ರಹ, ಪಿಯಾನೋಗಳನ್ನು ಕಂಡು ಬೆರಗಾದರು. ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರೆಂದು ಅವರು ಬರೆದಿದ್ದಾರೆ. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಮಹಾರಾಜರೇ.

ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು ಮೊದಲು ಹಾಡಲ್ಪಟ್ಟದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಅವರಿಗೆ ಖುದ್ದು ಹೋಗಲಾಗಲಿಲ್ಲ. ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಹಡಗಿನಲ್ಲಿ ಮೈಸೂರಿಗೆ ಕಳಿಸಬೇಕೆಂದು ಕೇಳಿದ್ದರು.

ಇಲ್ಲಿನ ರೈತರು, ಕೂಲಿಕಾರರು ದುಡಿದ ನಾಡಿನ ಹಣ ಲಂಡನ್ನಿನ ವಾದ್ಯಮೇಳಕ್ಕೆ ಹೋಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಅರಸೊತ್ತಿಗೆ ಇದ್ದ ಕಾಲದ ಮಾತದು. ಆ ಕಾಲವೂ ಆಗಲೇ ಮುಗಿಯುತ್ತಿತ್ತು. 1947ರಲ್ಲಿ ಮೈಸೂರು ಭಾರತದ ಒಕ್ಕೂಟ ಸೇರಿತು. 1950ರಿಂದ ಒಡೆಯರ್ ರಾಜಪ್ರಮುಖರು, 1956ರಿಂದ ರಾಜ್ಯಪಾಲರು. ಹಿಂದಿನಂತೆ ಕೈ ಬಿಚ್ಚಿ ಕೊಡುವ ದಿನ ಮತ್ತೆ ಬರಲಿಲ್ಲ. ಮೆಟ್ನರ್‌ಗೂ ಹೆಚ್ಚು ಆಯುಸ್ಸಿರಲಿಲ್ಲ. 1951ರ ನವೆಂಬರ್‌ನಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ನುಡಿಸುವ ಕೈಯೇ ಇರುತ್ತಿರಲಿಲ್ಲ.

ವೀಣೆಯೂ ಬೇಕು, ಪಿಯಾನೋವೂ ಬೇಕು

ಪರದೇಶದ ಸಂಗೀತಕ್ಕೆ ಮರುಳಾಗಿ ಮನೆಯದನ್ನು ಮರೆತವರಲ್ಲ ಒಡೆಯರ್. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಒಡನಾಟವೂ ಸಿಕ್ಕಿತು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದರು. ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಅವನ್ನು ಇವತ್ತಿಗೂ ಹಾಡುತ್ತಾರೆ. ಒಂದು ಕಿವಿಯಲ್ಲಿ ವೀಣೆ, ಇನ್ನೊಂದರಲ್ಲಿ ಪಿಯಾನೋ. ಎರಡಕ್ಕೂ ಜಗಳವಿರಲಿಲ್ಲ.

ಉಳಿದದ್ದು ಸಂಗೀತ

ಜಯಚಾಮರಾಜ ಒಡೆಯರ್ 1974ರ ಸೆಪ್ಟೆಂಬರ್ 23ರಂದು ನಿಧನರಾದರು. 2019ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬಿತು. ಸಂಸ್ಥಾನ ಹೋಯಿತು, ರಾಜಧನ ಹೋಯಿತು, 78ರ ಪ್ಲೇಟುಗಳ ಕಾಲವೂ ಹೋಯಿತು. ಆದರೆ ಮುದಿ ವಯಸ್ಸಿನಲ್ಲಿ ಮೆಟ್ನರ್ ನುಡಿಸಿದ ಆ ಮೂರು ಕನ್ಸರ್ಟೊ ಹೋಗಲಿಲ್ಲ. ಸಿಡಿ ಆಗಿ ಮತ್ತೆ ಬಂದವು. ಅವರ ಸಂಗೀತ ಕಲಿಯುವ ಪಿಯಾನೋ ವಿದ್ಯಾರ್ಥಿಗಳಿಗೆ, ಬರೆದವನೇ ಅದನ್ನು ಹೇಗೆ ನುಡಿಸಿದ ಎಂದು ತಿಳಿಯಲು ಮೈಸೂರು ದುಡ್ಡಿನ ಆ ಆಲ್ಬಂಗಳೇ ಆಧಾರ.

ಸಂಗೀತಗಾರರ ಹೆಸರು ಊರೆಲ್ಲ ಗೊತ್ತಿರುತ್ತದೆ. ಕೇಳುಗರ ಹೆಸರು ಯಾರೂ ಬರೆದಿಡುವುದಿಲ್ಲ. ಈ ಒಬ್ಬ ಕೇಳುಗರ ಹೆಸರು ಮಾತ್ರ ರಷ್ಯನ್ ಸಂಗೀತಗಾರನ ಕೃತಿಯ ಅರ್ಪಣೆಯಲ್ಲಿ ಉಳಿದಿದೆ. ಫರ್ನ್‌ಹಿಲ್ ತೋರಿಸಿ ಮಕ್ಕಳಿಗೆ ಮಹಾರಾಜರ ಕಥೆ ಹೇಳುವವರು ಇದನ್ನೂ ಸೇರಿಸಿ ಹೇಳಬಹುದು.